ವಿಳಾಸ ಬದಲಾಗಿದೆ, ದಯವಿಟ್ಟು ಇತ್ತ ಬನ್ನಿ
ಪಿಎಚ್‌ಪಿ ಭಾಷೆಯಲ್ಲಿ ಜಾಲಪುಟದ ಮರುನಿರ್ದೇಶನ



ಯಲಹಂಕದ ಹಳೆಯ ಪೇಟೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಒಂದೇ ಮನೆಯಲ್ಲಿ ವಾಸವಾಗಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಆ ಮನೆ ಕದಲಿಲ್ಲ, ಎದುರಿನ ರಸ್ತೆಯೂ ಕದಲಿಲ್ಲ. ಆದರೆ ಮನೆಗಂದಾಯ ಕಟ್ಟಬೇಕಾದ ಸಂಸ್ಥೆಯ ಹೆಸರು ಮಾತ್ರ ಬದಲಾಗುತ್ತಲೇ ಬಂದಿದೆ. 2007ಕ್ಕೆ ಮುನ್ನ ಅದು ಯಲಹಂಕ ನಗರಸಭೆ. ಆ ವರ್ಷ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಹಳೆಯ ಮಹಾನಗರ ಪಾಲಿಕೆಗೆ ಸೇರಿಸಿದಾಗ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2025ರ ಸೆಪ್ಟೆಂಬರ್ 2ರಂದು ಆ ಬೃಹತ್ ಪಾಲಿಕೆಯೂ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದವು. ಯಲಹಂಕ ಈಗ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದೆ. ಇಪ್ಪತ್ತು ವರ್ಷ ತುಂಬುವುದರೊಳಗೆ ಒಂದೇ ಮನೆಗೆ ಮೂರು ಆಡಳಿತಗಳು!

ಹೆಸರು ಬದಲಾಯಿಸುವುದು ಒಂದು ಆದೇಶದಿಂದ ಆಗಿಬಿಡುತ್ತದೆ. ಆದರೆ ಹಳೆಯ ಹೆಸರು ಎಲ್ಲೆಲ್ಲಿ ಉಳಿದಿರುತ್ತದೆ ಎಂಬುದನ್ನು ಯೋಚಿಸಿ ನೋಡಿ. ರಸೀದಿಯ ಮೇಲೆ, ಗೋಡೆಯ ಫಲಕದ ಮೇಲೆ, ಶಾಲೆಯ ಅರ್ಜಿಯ ಮೇಲೆ, ಯಾರದೋ ಮೊಬೈಲ್‌ನಲ್ಲಿ ಉಳಿಸಿಟ್ಟ ಜಾಲತಾಣದ ಕೊಂಡಿಯಲ್ಲಿ. ಇವನ್ನೆಲ್ಲ ಒಂದೇ ದಿನದಲ್ಲಿ ತಿದ್ದಿ ಬರಲು ಯಾರಿಂದಲೂ ಆಗದು. ಆದುದರಿಂದ ಹಳೆಯ ವಿಳಾಸಕ್ಕೇ ಬರುವವರನ್ನು ಹೊಸ ವಿಳಾಸಕ್ಕೆ ಕಳುಹಿಸುವ ಏರ್ಪಾಡು ಬೇಕಾಗುತ್ತದೆ. ಅಂತರಜಾಲದಲ್ಲಿ ಈ ಏರ್ಪಾಡಿಗೆ ಮರುನಿರ್ದೇಶನ ಎಂದು ಹೆಸರು. ಇಂಗ್ಲಿಷಿನಲ್ಲಿ ರೀಡೈರೆಕ್ಟ್ ಎನ್ನುವರು. ಪಿಎಚ್‌ಪಿ ಭಾಷೆಯಲ್ಲಿ ಇದನ್ನು ಎರಡೇ ಸಾಲುಗಳಲ್ಲಿ ಮಾಡಬಹುದು. ಆ ಎರಡು ಸಾಲುಗಳಲ್ಲಿ ವಿದ್ಯಾರ್ಥಿಗಳು ಎಡವುವ ಜಾಗಗಳು ಮಾತ್ರ ಎರಡಕ್ಕಿಂತ ಹೆಚ್ಚು.

ಒಂದು ವಿಷಯವನ್ನು ಮೊದಲೇ ಬೇರ್ಪಡಿಸಿಕೊಳ್ಳೋಣ. 2008ರ ಮೇ 24ರಂದು ಬೆಂಗಳೂರಿನ ವಿಮಾನಗಳು ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಯ ಕಡೆಗೆ ಸಾಗಿದವು. ಹೆಬ್ಬಾಳ, ಯಲಹಂಕಗಳ ಮೂಲಕ ಹಾದುಹೋಗುವ ಬಳ್ಳಾರಿ ರಸ್ತೆಯ ಸ್ವರೂಪವೇ ಅಂದಿನಿಂದ ಬದಲಾಯಿತು. ಆದರೆ ಟಿಕೆಟ್ಟಿನ ಮೇಲೆ ಅಚ್ಚಾಗುವ ಬಿ-ಎಲ್-ಆರ್ ಎಂಬ ಮೂರು ಅಕ್ಷರಗಳು ಬದಲಾಗಲಿಲ್ಲ. ಹೆಸರು ಅದೇ, ಜಾಗ ಬೇರೆ. ಜಾಲತಾಣಗಳಲ್ಲಿಯೂ ಹೀಗಾಗುತ್ತದೆ: ತಾಣದ ಹೆಸರನ್ನು ಉಳಿಸಿಕೊಂಡು ಅದನ್ನು ಬೇರೊಂದು ಯಂತ್ರಕ್ಕೆ ಸಾಗಿಸಿದರೆ ಹೆಸರುಗಳ ದಾಖಲೆಯನ್ನು ತಿದ್ದಿದರೆ ಸಾಕು, ನೋಡುಗನಿಗೆ ಏನೂ ಗೊತ್ತಾಗುವುದಿಲ್ಲ. ನಾವು ಇಲ್ಲಿ ಮಾತನಾಡುತ್ತಿರುವುದು ಹೆಸರೇ, ಅಂದರೆ ವಿಳಾಸವೇ, ಬದಲಾದ ಸಂದರ್ಭವನ್ನು ಕುರಿತು.

ಹೋಗುವವರು ಯಾರು?

ನೀವು ಬ್ರೌಸರ್‌ನಲ್ಲಿ ಒಂದು ವಿಳಾಸವನ್ನು ಬೆರಳಚ್ಚಿಸಿದಾಗ ಅದು ದೂರದ ಸರ್ವರ್‌ಗೆ ಒಂದು ಕೋರಿಕೆಯನ್ನು ಕಳುಹಿಸುತ್ತದೆ. ಸರ್ವರ್ ಉತ್ತರ ಕೊಡುತ್ತದೆ. ಈ ಮಾತುಕತೆಯ ನಿಯಮಗಳಿಗೆ ಎಚ್‌ಟಿಟಿಪಿ ಎಂದು ಹೆಸರು. ಉತ್ತರವನ್ನು ಒಂದು ಲಕೋಟೆ ಮತ್ತು ಅದರೊಳಗಿನ ಕಾಗದ ಎಂದು ಭಾವಿಸಬಹುದು. ಲಕೋಟೆಯ ಮೇಲೆ ಮೊದಲು ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. 200 ಎಂದರೆ ಎಲ್ಲವೂ ಸರಿಯಾಗಿದೆ, 404 ಎಂದರೆ ಕೇಳಿದ ಪುಟ ಇಲ್ಲ. ಆ ಸಂಖ್ಯೆಯ ಕೆಳಗೆ ಕೆಲವು ಸಾಲುಗಳು, ಇವೇ ಹೆಡರ್‌ಗಳು. ಒಂದು ಖಾಲಿ ಸಾಲು ಬಂದ ಮೇಲೆ ಪುಟದ ಒಡಲು ಪ್ರಾರಂಭವಾಗುತ್ತದೆ. ನೀವು ಪರದೆಯ ಮೇಲೆ ನೋಡುವುದು ಒಡಲನ್ನು ಮಾತ್ರ. ಲಕೋಟೆಯನ್ನು ಬ್ರೌಸರ್ ಓದಿಕೊಂಡು ಪಕ್ಕಕ್ಕಿಡುತ್ತದೆ.

ಮರುನಿರ್ದೇಶನವು ಈ ಲಕೋಟೆಯ ಮೇಲಿನ ಬರಹ. ಸಂಖ್ಯೆ ಮೂರರಿಂದ ಆರಂಭವಾಗುತ್ತದೆ, ಮತ್ತು ಲೊಕೇಶನ್ ಎಂಬ ಹೆಡರ್‌ನಲ್ಲಿ ಹೊಸ ವಿಳಾಸ ಇರುತ್ತದೆ. ಇದನ್ನು ಓದಿದ ಬ್ರೌಸರ್ ತಾನಾಗಿಯೇ ಹೊಸ ವಿಳಾಸಕ್ಕೆ ಎರಡನೆಯ ಕೋರಿಕೆಯನ್ನು ಕಳುಹಿಸುತ್ತದೆ. ಇಲ್ಲಿ ಒಂದು ಅಂಶವನ್ನು ಗಮನವಿಟ್ಟು ನೋಡಬೇಕು. ಸರ್ವರ್ ಯಾರನ್ನೂ ಕೈಹಿಡಿದು ಎಲ್ಲಿಗೂ ಕರೆದೊಯ್ಯುವುದಿಲ್ಲ. ಅದು ಹೇಳುತ್ತದೆ, ಅಷ್ಟೆ. ಹೋಗುವುದು ಬ್ರೌಸರ್.

ಅಂಚೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ನೀವು ಮನೆ ಬದಲಾಯಿಸಿ ಅಂಚೆ ಕಚೇರಿಗೆ ತಿಳಿಸಿದರೆ, ಹಳೆಯ ವಿಳಾಸಕ್ಕೆ ಬಂದ ಕಾಗದದ ಮೇಲೆ ಹೊಸ ವಿಳಾಸ ಬರೆದು ಅವರೇ ಮುಂದಕ್ಕೆ ಕಳುಹಿಸುತ್ತಾರೆ. ಕಾಗದ ಬರೆದವರಿಗೆ ನಿಮ್ಮ ಮನೆ ಬದಲಾದದ್ದೇ ತಿಳಿಯುವುದಿಲ್ಲ. ಅದರ ಬದಲು ಹಳೆಯ ಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಬಂದರೆ, ಹುಡುಕಿ ಬಂದವರು ಅದನ್ನು ಓದಿ ತಾವೇ ನಡೆದು ಬರಬೇಕು. ನಮ್ಮ ಮರುನಿರ್ದೇಶನ ಎರಡನೆಯ ಬಗೆಯದು, ಬಾಗಿಲಿನ ಚೀಟಿ. ಮೊದಲನೆಯ ಬಗೆಯೂ ಅಂತರಜಾಲದಲ್ಲಿ ಇಲ್ಲದಿಲ್ಲ. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವೂ ಪಿಎಚ್‌ಪಿಯಲ್ಲೇ ಬರೆದದ್ದು. ಅಲ್ಲಿ ಒಂದು ಲೇಖನದ ಶೀರ್ಷಿಕೆ ಬದಲಾದಾಗ ಹಳೆಯ ಶೀರ್ಷಿಕೆಯನ್ನು ಸಾಮಾನ್ಯವಾಗಿ ಹಾಗೆಯೇ ಉಳಿಸಿರುತ್ತಾರೆ. ಅದನ್ನು ಹುಡುಕಿದವರಿಗೆ ಸರ್ವರ್ ತಾನೇ ಹೊಸ ಲೇಖನವನ್ನು ತಂದು ತೋರಿಸುತ್ತದೆ, ಎಲ್ಲಿಂದ ಬಂದಿರಿ ಎಂಬುದನ್ನು ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ತಿಳಿಸುತ್ತದೆ.

ಎರಡು ಸಾಲುಗಳು

ಪಿಎಚ್‌ಪಿ ಹುಟ್ಟಿದ್ದು ಒಬ್ಬನ ಸ್ವಂತ ಅಗತ್ಯದಿಂದ. ಗ್ರೀನ್‌ಲೆಂಡ್‌ನಲ್ಲಿ ಜನಿಸಿದ ರಾಸ್ಮಸ್ ಲೆರ್ಡಾರ್ಫ್ ಎಂಬ ತರುಣ 1994ರಲ್ಲಿ ತನ್ನ ಸ್ವಂತ ಜಾಲಪುಟಕ್ಕಾಗಿ ಕೆಲವು ಸಣ್ಣ ಉಪಕರಣಗಳನ್ನು ಬರೆದುಕೊಂಡ. 1995ರ ಜೂನ್‌ನಲ್ಲಿ ಅವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟ. ಪರ್ಸನಲ್ ಹೋಮ್ ಪೇಜ್ ಎಂಬುದೇ ಮೊದಲ ಹೆಸರು. ಇಂದಿಗೂ ಜಾಲತಾಣ ಕಟ್ಟುವುದನ್ನು ಕಲಿಯಲು ಹೊರಟ ಎಷ್ಟೋ ಕಾಲೇಜು ವಿದ್ಯಾರ್ಥಿಗಳು ಒಂದಲ್ಲ ಒಂದು ದಿನ ಇದರ ಬಳಿಗೆ ಬರುತ್ತಾರೆ.

ಮರುನಿರ್ದೇಶನದ ಆಜ್ಞೆಯನ್ನು ಇಲ್ಲಿ ಓದಿಕೊಳ್ಳಲು ಅನುಕೂಲವಾಗುವಂತೆ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಗಣಕದಲ್ಲಿ ಬೆರಳಚ್ಚಿಸುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಹೆಡರ್("ಲೊಕೇಶನ್: /ನ್ಯೂ.ಪಿಎಚ್‌ಪಿ", ಟ್ರೂ, 301);
ಎಕ್ಸಿಟ್;

ಮೊದಲ ಸಾಲಿನಲ್ಲಿ ಹೆಡರ್ ಎಂಬುದು ಲಕೋಟೆಯ ಮೇಲೆ ಒಂದು ಸಾಲು ಬರೆಯುವ ಫಂಕ್ಷನ್. ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕಾದ ಸಾಲು ಇದೆ. ಟ್ರೂ ಎಂದರೆ ಇದೇ ಹೆಸರಿನ ಹೆಡರ್ ಈ ಹಿಂದೆಯೇ ಇದ್ದರೆ ಅದನ್ನು ತೆಗೆದು ಇದನ್ನು ಹಾಕು ಎಂದರ್ಥ. ಕೊನೆಯದು ಮೂರಂಕಿಯ ಸಂಖ್ಯೆ. ಎರಡನೆಯ ಸಾಲು ಇಲ್ಲಿಗೇ ನಿಲ್ಲು ಎಂಬ ಆಜ್ಞೆ. ಬಹಳ ಮಂದಿ ಈ ಎರಡನೆಯ ಸಾಲನ್ನು ಬಿಟ್ಟುಬಿಡುತ್ತಾರೆ. ಅದರ ಪರಿಣಾಮವನ್ನು ಮುಂದೆ ನೋಡೋಣ.

ಸಂಖ್ಯೆಯನ್ನು ಕೊಡದಿದ್ದರೆ ಪಿಎಚ್‌ಪಿ ತಾನಾಗಿ 302 ಎಂದು ಹಾಕುತ್ತದೆ. 301ಕ್ಕೂ 302ಕ್ಕೂ ಇರುವ ಭೇದ ಸಣ್ಣದಲ್ಲ. 301 ಎಂದರೆ ಶಾಶ್ವತವಾಗಿ ಮನೆ ಬಿಟ್ಟಿದ್ದೇವೆ. 302 ಎಂದರೆ ಸದ್ಯಕ್ಕೆ ಅಲ್ಲಿದ್ದೇವೆ, ಮತ್ತೆ ಬರುತ್ತೇವೆ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಪಕ್ಕದ ಬೀದಿಯಲ್ಲಿ ಒಂದು ತಿಂಗಳು ಇದ್ದಹಾಗೆ. ನಗರಸಭೆ ಪಾಲಿಕೆಯಾದದ್ದು 301. ಪರೀಕ್ಷಾ ಫಲಿತಾಂಶದ ದಿನ ಜನಸಂದಣಿಗಾಗಿ ಬೇರೊಂದು ಪುಟಕ್ಕೆ ಕಳುಹಿಸುವುದು 302. ಹುಡುಕುಯಂತ್ರಗಳು ಸಾಮಾನ್ಯವಾಗಿ 301ನ್ನು ಕಂಡರೆ ಹಳೆಯ ವಿಳಾಸದ ಜಾಗದಲ್ಲಿ ಹೊಸದನ್ನು ದಾಖಲಿಸಿಕೊಳ್ಳುತ್ತವೆ.

ಬ್ರೌಸರ್ ಕೂಡ 301ನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಹಳೆಯ ವಿಳಾಸವನ್ನು ಕೊಟ್ಟರೆ ಸರ್ವರ್‌ನ್ನು ಕೇಳದೆಯೇ ನೇರವಾಗಿ ಹೊಸದಕ್ಕೆ ಹೋಗಿಬಿಡಬಹುದು. ಇದು ಅನುಕೂಲವೂ ಹೌದು, ಅಪಾಯವೂ ಹೌದು. ವಿಳಾಸವನ್ನು ತಪ್ಪಾಗಿ ಬರೆದು 301 ಎಂದು ಕಳುಹಿಸಿದಿರಾದರೆ, ನೀವು ಸರ್ವರ್‌ನಲ್ಲಿ ತಿದ್ದಿದ ಮೇಲೂ ಒಮ್ಮೆ ಬಂದುಹೋದವರ ಬ್ರೌಸರ್ ಹಳೆಯ ತಪ್ಪಿಗೇ ಅಂಟಿಕೊಂಡಿರಬಹುದು. ಆದುದರಿಂದ ಮೊದಲು 302 ಹಾಕಿ ಪರೀಕ್ಷಿಸಿ, ಎಲ್ಲವೂ ಸರಿಯೆಂದು ಖಾತ್ರಿಯಾದ ಮೇಲೆ 301 ಮಾಡುವುದು ಒಳ್ಳೆಯದು.

ಅರ್ಜಿ ನಮೂನೆಗಳಿಗೆ ಸಂಬಂಧಿಸಿದ ಇನ್ನೊಂದು ಸಂಖ್ಯೆ ಇದೆ, 303. ಕಾಲೇಜಿನ ರಕ್ತದಾನ ಶಿಬಿರಕ್ಕೆ ಹೆಸರು ನೋಂದಾಯಿಸುವ ಪುಟವನ್ನು ತೆಗೆದುಕೊಳ್ಳಿ. ವಿದ್ಯಾರ್ಥಿ ಹೆಸರು ತುಂಬಿ ಗುಂಡಿ ಒತ್ತುತ್ತಾನೆ, ಧನ್ಯವಾದ ಎಂಬ ಮಾತು ಬರುತ್ತದೆ. ಅನುಮಾನದಿಂದ ಆತ ಪುಟವನ್ನು ರಿಫ್ರೆಶ್ ಮಾಡಿ, ಮತ್ತೆ ಕಳುಹಿಸಲೇ ಎಂದು ಬ್ರೌಸರ್ ಕೇಳಿದ್ದಕ್ಕೆ ಓದದೆಯೇ ಹೂಂ ಎಂದರೆ, ಅರ್ಜಿ ಮತ್ತೊಮ್ಮೆ ಹೋಗುತ್ತದೆ. ಪಟ್ಟಿಯಲ್ಲಿ ಅದೇ ಹೆಸರು ಎರಡು ಸಲ. ಶಿಬಿರದಲ್ಲಾದರೆ ನಕ್ಕು ಸುಮ್ಮನಾಗಬಹುದು, ಶುಲ್ಕ ಕಟ್ಟುವ ಪುಟದಲ್ಲಾದರೆ ನಗು ಬಾರದು. ಅರ್ಜಿಯನ್ನು ದಾಖಲಿಸಿಕೊಂಡ ಕೂಡಲೇ ಅದೇ ಪುಟದಲ್ಲಿ ಧನ್ಯವಾದ ಹೇಳದೆ, 303ರೊಂದಿಗೆ ಬೇರೊಂದು ಧನ್ಯವಾದದ ಪುಟಕ್ಕೆ ಕಳುಹಿಸಿದರೆ ಈ ತೊಂದರೆ ಇರದು. ಆಗ ಎಷ್ಟು ಸಲ ರಿಫ್ರೆಶ್ ಮಾಡಿದರೂ ಮತ್ತೆ ಬರುವುದು ಧನ್ಯವಾದ ಮಾತ್ರ.

302 ಇರುವಾಗ 303 ಏಕೆ ಬಂದಿತು? ಮೊದಲಿನ ನಿಯಮದ ಪ್ರಕಾರ 302 ಸಿಕ್ಕಾಗ ಬ್ರೌಸರ್ ಮೂಲ ಕೋರಿಕೆಯ ಬಗೆಯನ್ನು ಬದಲಾಯಿಸಬಾರದಿತ್ತು; ಬ್ರೌಸರ್ ಬರೆದವರು ಬದಲಾಯಿಸಿಯೇ ಬಿಟ್ಟರು. ನಿಯಮ ಬರೆದವರು ಕೊನೆಗೆ ಸೋತು, 1997ರಲ್ಲಿ ಬದಲಾಯಿಸು ಎನ್ನುವ 303ನ್ನೂ 1999ರಲ್ಲಿ ಬದಲಾಯಿಸಬೇಡ ಎನ್ನುವ 307ನ್ನೂ ಸೇರಿಸಿದರು. ರೂಢಿ ಶಾಸ್ತ್ರವನ್ನು ತಿದ್ದುವುದು ವ್ಯಾಕರಣದಲ್ಲಿ ಮಾತ್ರವಲ್ಲ.

ಕಣ್ಣಿಗೆ ಕಾಣದ ಮೂರು ಬೈಟ್‌ಗಳು

ಈಗ ನಾನು ಸ್ವತಃ ಕಂಡ ಒಂದು ಪ್ರಸಂಗ. 2017ರಲ್ಲಿ ಯಲಹಂಕ ಉಪನಗರದ ಸಮೀಪದ ಒಂದು ಕಾಲೇಜಿನ ಇಬ್ಬರು ವಿದ್ಯಾರ್ಥಿನಿಯರು ವಾರ್ಷಿಕೋತ್ಸವದ ನೋಂದಣಿಗಾಗಿ ಪಿಎಚ್‌ಪಿಯಲ್ಲಿ ಕೆಲವು ಪುಟಗಳನ್ನು ಬರೆದಿದ್ದರು. ಇಂಗ್ಲಿಷಿನಲ್ಲಿ ಬರೆದಿದ್ದಷ್ಟು ದಿನವೂ ಎಲ್ಲವೂ ಸರಿಯಾಗಿತ್ತು. ಪುಟಗಳು ಕನ್ನಡದಲ್ಲಿರಲಿ ಎಂದು ಅಧ್ಯಾಪಕರೊಬ್ಬರು ಹೇಳಿದರು. ಮಕ್ಕಳು ಉತ್ಸಾಹದಿಂದ ಸಂದೇಶಗಳನ್ನೆಲ್ಲ ಕನ್ನಡಕ್ಕೆ ತಂದರು. ಪ್ರಯೋಗಾಲಯದ ಗಣಕದಲ್ಲಿ ಪರೀಕ್ಷಿಸಿದರು, ಚೆನ್ನಾಗಿಯೇ ನಡೆಯಿತು. ಬಾಡಿಗೆ ಸರ್ವರ್‌ಗೆ ಏರಿಸಿದರು, ಮರುನಿರ್ದೇಶನ ನಿಂತುಹೋಯಿತು. ಧನ್ಯವಾದದ ಪುಟದ ಬದಲು ಪರದೆಯ ಮೇಲೆ ಒಂದು ಇಂಗ್ಲಿಷ್ ಎಚ್ಚರಿಕೆ ಬಂದಿತು: ಹೆಡರ್ಸ್ ಆಲ್‌ರೆಡಿ ಸೆಂಟ್. ಹೆಡರ್‌ಗಳು ಆಗಲೇ ಹೊರಟುಹೋಗಿವೆ ಎಂದು.

ಎಚ್ಚರಿಕೆಯಲ್ಲಿ ಕಡತದ ಹೆಸರೂ ಇತ್ತು, ಸಾಲಿನ ಸಂಖ್ಯೆಯೂ ಇತ್ತು: ಒಂದನೆಯ ಸಾಲು. ಒಂದನೆಯ ಸಾಲಿನಲ್ಲಿ ಪಿಎಚ್‌ಪಿಯ ಆರಂಭದ ಚಿಹ್ನೆಯ ಹೊರತು ಏನೂ ಇರಲಿಲ್ಲ. ಎರಡು ದಿನ ಆ ಸಾಲನ್ನು ದಿಟ್ಟಿಸಿ ನೋಡಿದ ಮೇಲೆ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು. "ಕನ್ನಡ ಹಾಕಿದ್ದರಿಂದಲೇ ಕೆಟ್ಟಿತು ಸಾರ್, ಪಿಎಚ್‌ಪಿಗೆ ಕನ್ನಡ ಬರೋದಿಲ್ಲ. ಮತ್ತೆ ಇಂಗ್ಲಿಷಿಗೇ ಹಾಕ್ಬಿಡ್ತೀವಿ" ಎಂದರು. ಮೇಲ್ನೋಟಕ್ಕೆ ಅವರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟವೇ. ಇಂಗ್ಲಿಷ್ ಇದ್ದಾಗ ನಡೆಯುತ್ತಿತ್ತು, ಕನ್ನಡ ಬಂದಾಗ ನಿಂತಿತು.

ನಿಜವಾಗಿ ನಡೆದದ್ದು ಬೇರೆ. ಅವರು ಕಡತಗಳನ್ನು ಬರೆಯುತ್ತಿದ್ದುದು ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ನಲ್ಲಿ. ಕನ್ನಡ ಅಕ್ಷರಗಳಿರುವ ಕಡತವನ್ನು ಹಳೆಯ ಕ್ರಮದಲ್ಲಿ ಉಳಿಸಿದರೆ ಅಕ್ಷರಗಳು ನಷ್ಟವಾಗುತ್ತವೆ ಎಂದು ನೋಟ್‌ಪ್ಯಾಡ್ ಎಚ್ಚರಿಸಿತ್ತು. ಅದರಂತೆ ಅವರು ಯುಟಿಎಫ್-8 ಎಂಬ ಕ್ರಮವನ್ನು ಆರಿಸಿ ಉಳಿಸಿದ್ದರು. ಅದು ಸರಿಯಾದ ಕೆಲಸವೇ. ಆದರೆ ಆ ನೋಟ್‌ಪ್ಯಾಡ್‌ಗೆ ಒಂದು ಅಭ್ಯಾಸವಿತ್ತು: ಯುಟಿಎಫ್-8 ಕಡತದ ಮೊಟ್ಟಮೊದಲಿಗೆ ಬೈಟ್ ಆರ್ಡರ್ ಮಾರ್ಕ್ ಎಂಬ ಗುರುತನ್ನು ಸೇರಿಸುತ್ತಿತ್ತು. ಅದು ಮೂರು ಬೈಟ್‌ಗಳ ಗುರುತು, ಪರದೆಯ ಮೇಲೆ ಕಾಣುವುದಿಲ್ಲ. ಪಿಎಚ್‌ಪಿಯ ದೃಷ್ಟಿಯಲ್ಲಿ, ತನ್ನ ಆರಂಭದ ಚಿಹ್ನೆಗಿಂತ ಮುಂಚೆ ಕಡತದಲ್ಲಿ ಏನೇ ಇದ್ದರೂ ಅದು ಪುಟದ ಒಡಲು. ಆ ಮೂರು ಬೈಟ್‌ಗಳನ್ನು ಅದು ಹೊರಕ್ಕೆ ಕಳುಹಿಸಿತು. ಒಡಲಿನ ಒಂದು ಚೂರು ಹೊರಟಿತೆಂದರೆ ಲಕೋಟೆ ಅದಕ್ಕೂ ಮೊದಲೇ ಹೊರಟಾಗಿದೆ. ಅಂಚೆಪೆಟ್ಟಿಗೆಗೆ ಹಾಕಿದ ಲಕೋಟೆಯ ಮೇಲೆ ಇನ್ನು ವಿಳಾಸ ಬರೆಯುವುದು ಹೇಗೆ?

ಹಾಗಾದರೆ ಪ್ರಯೋಗಾಲಯದಲ್ಲಿ ಹೇಗೆ ನಡೆಯಿತು ಎಂದು ನೀವು ಕೇಳಬೇಕು. ಅಲ್ಲಿನ ಪಿಎಚ್‌ಪಿಯಲ್ಲಿ ಔಟ್‌ಪುಟ್ ಬಫರಿಂಗ್ ಎಂಬ ಏರ್ಪಾಡು ಚಾಲ್ತಿಯಲ್ಲಿತ್ತು. ಪಿಎಚ್‌ಪಿಯೊಂದಿಗೆ ಬರುವ ಮಾದರಿ ಸಂರಚನಾ ಕಡತಗಳಲ್ಲಿ ಇದಕ್ಕೆ 4096 ಬೈಟ್‌ಗಳೆಂದು ಬರೆದಿರುತ್ತದೆ. ಅಂದರೆ ಒಡಲನ್ನು ಕೂಡಲೇ ಕಳುಹಿಸದೆ ಅಷ್ಟು ತುಂಬುವವರೆಗೆ ಕೈಯಲ್ಲೇ ಇಟ್ಟುಕೊಳ್ಳುತ್ತದೆ. ಅಲ್ಲಿಯವರೆಗೂ ಲಕೋಟೆಯ ಮೇಲೆ ಬರೆಯಲು ಅವಕಾಶವಿರುತ್ತದೆ. ಬಾಡಿಗೆ ಸರ್ವರ್‌ನಲ್ಲಿ ಆ ಏರ್ಪಾಡು ಇರಲಿಲ್ಲ. ನಮ್ಮಲ್ಲಿ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ ಎಂಬ ಎಷ್ಟೋ ದೂರುಗಳ ಹಿಂದೆ ಇಂಥದೊಂದು ವ್ಯತ್ಯಾಸ ಅಡಗಿರುತ್ತದೆ.

ಪರಿಹಾರ ಎರಡು ನಿಮಿಷದ್ದು. ಬೇರೊಂದು ಸಂಪಾದಕ ತಂತ್ರಾಂಶದಲ್ಲಿ ಕಡತವನ್ನು ತೆರೆದು, ಆ ಗುರುತಿಲ್ಲದ ಯುಟಿಎಫ್-8 ಕ್ರಮದಲ್ಲಿ ಉಳಿಸಿದೆವು. ಕನ್ನಡದ ಒಂದಕ್ಷರವನ್ನೂ ಮುಟ್ಟಲಿಲ್ಲ. ಧನ್ಯವಾದದ ಪುಟ ಬಂದಿತು. 2019ರಿಂದೀಚೆಗೆ ವಿಂಡೋಸ್ 10ರ ನೋಟ್‌ಪ್ಯಾಡ್ ಕೂಡ ಈ ಗುರುತನ್ನು ತಾನಾಗಿ ಹಾಕುವುದನ್ನು ನಿಲ್ಲಿಸಿದೆ. ಆದರೆ ಹಳೆಯ ಗಣಕಗಳು, ಹಳೆಯ ಕಡತಗಳು ನಮ್ಮ ಶಾಲೆ ಕಾಲೇಜುಗಳಲ್ಲಿ ಇನ್ನೂ ಇವೆ. ಇಂಗ್ಲಿಷಿನಲ್ಲಷ್ಟೇ ಬರೆಯುವವರಿಗೆ ಈ ತೊಡಕು ಎದುರಾಗುವುದೇ ಅಪರೂಪ. ಆದುದರಿಂದ ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಒಂದು ಅಡಿಟಿಪ್ಪಣಿ. ಕನ್ನಡದಲ್ಲಿ ಬರೆಯುವವರಿಗೆ ಇದು ಮೊದಲ ಪಾಠವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಇದೇ ಜಾತಿಯ ಇನ್ನೊಂದು ಕಾಟ ಖಾಲಿ ಸಾಲುಗಳದು. ಬೇರೆ ಕಡತವನ್ನು ಒಳಕ್ಕೆ ಸೇರಿಸಿಕೊಂಡಾಗ, ಅದರ ಮುಕ್ತಾಯದ ಚಿಹ್ನೆಯ ನಂತರ ಎರಡು ಮೂರು ಖಾಲಿ ಸಾಲುಗಳಿದ್ದರೆ ಅವೂ ಒಡಲಾಗಿ ಹೊರಡುತ್ತವೆ. ಕೇವಲ ಪಿಎಚ್‌ಪಿ ಇರುವ ಕಡತದಲ್ಲಿ ಮುಕ್ತಾಯದ ಚಿಹ್ನೆಯನ್ನು ಹಾಕದೆಯೇ ಬಿಡುವುದು ಇದಕ್ಕಾಗಿಯೇ ರೂಢಿಗೆ ಬಂದಿದೆ.

ಚೀಟಿ ಅಂಟಿಸಿ ಬಾಗಿಲು ತೆರೆದಿಟ್ಟರೆ

ಎಕ್ಸಿಟ್ ಎಂಬ ಎರಡನೆಯ ಸಾಲಿನ ವಿಚಾರಕ್ಕೆ ಬರೋಣ. ಅಂಕಪಟ್ಟಿಯನ್ನು ತೋರಿಸುವ ಒಂದು ಪುಟವಿದೆ ಎಂದಿಟ್ಟುಕೊಳ್ಳಿ. ಮೊದಲಿಗೆ, ಬಂದವರು ಗುರುತಿನ ಪದ ಕೊಟ್ಟು ಒಳಬಂದವರೇ ಎಂದು ಪರಿಶೀಲನೆ ನಡೆಯುತ್ತದೆ. ಅಲ್ಲದಿದ್ದರೆ ಪ್ರವೇಶದ ಪುಟಕ್ಕೆ ಮರುನಿರ್ದೇಶನ. ಅದರ ಕೆಳಗೆ ಅಂಕಗಳನ್ನು ಮುದ್ರಿಸುವ ಸಾಲುಗಳು. ಬ್ರೌಸರ್‌ನಲ್ಲಿ ಪರೀಕ್ಷಿಸಿದಾಗ ಹೊರಗಿನವರು ಪ್ರವೇಶದ ಪುಟಕ್ಕೇ ಹೋಗುತ್ತಾರೆ. ಬರೆದವರಿಗೆ ಸಮಾಧಾನ.

ಆದರೆ ಹೆಡರ್ ಎಂಬುದು ಲಕೋಟೆಯ ಮೇಲೆ ಬರೆಯುತ್ತದೆಯೇ ವಿನಾ ಕಾರ್ಯಕ್ರಮವನ್ನು ನಿಲ್ಲಿಸುವುದಿಲ್ಲ. ಎಕ್ಸಿಟ್ ಇಲ್ಲದಿದ್ದರೆ ಪಿಎಚ್‌ಪಿ ಮುಂದಕ್ಕೆ ಸಾಗಿ, ಅಂಕಗಳನ್ನೆಲ್ಲ ಮುದ್ರಿಸಿ, ಅದೇ ಲಕೋಟೆಯೊಳಗೆ ಹಾಕಿ ಕಳುಹಿಸುತ್ತದೆ. ಬ್ರೌಸರ್ ಸಭ್ಯ ಅತಿಥಿಯಂತೆ ಚೀಟಿಯನ್ನು ಓದಿ ಒಳಗೆ ಇಣುಕದೆ ಹೊರಟುಹೋಗುತ್ತದೆ. ಎಲ್ಲ ಅತಿಥಿಗಳೂ ಸಭ್ಯರಲ್ಲ. ಕರ್ಲ್ ಎಂಬ ಉಚಿತ ಉಪಕರಣ, ನಾವು ಬೇಡಿದ ಹೊರತು, ಮರುನಿರ್ದೇಶನವನ್ನು ಅನುಸರಿಸುವುದೇ ಇಲ್ಲ. ಬಂದ ಒಡಲನ್ನು ಹಾಗೆಯೇ ತೋರಿಸುತ್ತದೆ. ಗುರುತಿನ ಪದವಿಲ್ಲದೆ ಅಂಕಪಟ್ಟಿ ಕೈಗೆ ಬಂದಂತಾಯಿತು. ಅಂಕಗಳನ್ನು ಓದುವುದರ ಬದಲು ಅಳಿಸುವ ಪುಟವಾಗಿದ್ದರೆ ಅಳಿಸುವ ಕೆಲಸವೂ ನಡೆದುಹೋಗುತ್ತಿತ್ತು. ಬಾಗಿಲಿಗೆ ಚೀಟಿ ಅಂಟಿಸಿ, ಬೀಗ ಹಾಕದೆ ಊರಿಗೆ ಹೋದಹಾಗೆ ಇದು.

ಇನ್ನೊಂದು ಅಪಾಯ ನೋಡುಗನ ಕಡೆಯದು. ಎಷ್ಟೋ ತಾಣಗಳಲ್ಲಿ ಪ್ರವೇಶವಾದ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ವಿಳಾಸದ ಬಾಲದಲ್ಲೇ ಬರೆದಿರುತ್ತಾರೆ. ಪಿಎಚ್‌ಪಿ ಆ ಬಾಲವನ್ನು ಓದಿ, ಹಾಗೆಯೇ ಲೊಕೇಶನ್‌ಗೆ ಹಾಕಿಬಿಡುತ್ತದೆ. ಈಗ ಒಬ್ಬ ವಂಚಕ ಬಾಲದಲ್ಲಿ ತನ್ನ ತಾಣದ ವಿಳಾಸವನ್ನು ಬರೆದು, ಆ ಕೊಂಡಿಯನ್ನು ನಿಮ್ಮ ತಂದೆಯವರ ಮೊಬೈಲಿಗೆ ಸಂದೇಶವಾಗಿ ಕಳುಹಿಸುತ್ತಾನೆ. ಕೊಂಡಿ ಆರಂಭವಾಗುವುದು ನಂಬಿಕೆಯ ಸಂಸ್ಥೆಯ ಹೆಸರಿನಿಂದಲೇ. ಅವರು ನೋಡಿ, ಪರವಾಗಿಲ್ಲ ಎಂದು ಒತ್ತುತ್ತಾರೆ. ಕ್ಷಣದಲ್ಲಿ ಅದೇ ರೀತಿ ಕಾಣುವ ಬೇರೊಂದು ಪುಟದಲ್ಲಿ ಇರುತ್ತಾರೆ, ಅಲ್ಲಿ ಬ್ಯಾಂಕಿನ ವಿವರ ಕೇಳುತ್ತದೆ. ಜಾಲತಾಣಗಳ ಭದ್ರತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆ 2010 ಮತ್ತು 2013ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ಅಪಾಯಗಳ ಪಟ್ಟಿಗಳಲ್ಲಿ ಈ ದೋಷಕ್ಕೆ ಸ್ಥಾನ ಕೊಟ್ಟಿತ್ತು.

ಇದಕ್ಕೆ ಮದ್ದು, ಹೊರಗಿನಿಂದ ಬಂದ ವಿಳಾಸವನ್ನು ನಂಬದಿರುವುದು. ಹೋಗಬಹುದಾದ ಪುಟಗಳ ಪಟ್ಟಿಯೊಂದನ್ನು ನಿಮ್ಮ ಕಡತದಲ್ಲೇ ಮಾಡಿಟ್ಟುಕೊಳ್ಳಿ. ಬಾಲದಲ್ಲಿ ಬಂದದ್ದು ಆ ಪಟ್ಟಿಯಲ್ಲಿದ್ದರೆ ಕಳುಹಿಸಿ, ಇಲ್ಲದಿದ್ದರೆ ಮುಖಪುಟಕ್ಕೆ ಕಳುಹಿಸಿ. ಓರೆಗೆರೆಯಿಂದ ಆರಂಭವಾದರೆ ಅದು ನಮ್ಮ ತಾಣದ್ದೇ ಎಂದು ಕೆಲವರು ಪರಿಶೀಲಿಸುತ್ತಾರೆ. ಅದು ಸಾಲದು. ಎರಡು ಓರೆಗೆರೆಗಳಿಂದ ಆರಂಭವಾದ ವಿಳಾಸ ಬೇರೆ ತಾಣಕ್ಕೇ ಒಯ್ಯುತ್ತದೆ.

ಕನ್ನಡದಲ್ಲೇ ವಿಳಾಸ ಇದ್ದರೆ?

ಪುಟದ ಹೆಸರನ್ನು ಕನ್ನಡದಲ್ಲಿ ಇಡಬಹುದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಧಾರಾಳವಾಗಿ ಇಡಬಹುದು. ಆದರೆ ಲೊಕೇಶನ್ ಹೆಡರ್‌ನಲ್ಲಿ ಕನ್ನಡ ಅಕ್ಷರಗಳನ್ನು ನೇರವಾಗಿ ಬರೆಯುವಂತಿಲ್ಲ. ಪ್ರತಿಯೊಂದು ಬೈಟನ್ನೂ ಶೇಕಡಾ ಚಿಹ್ನೆ ಹಾಗೂ ಎರಡು ಅಂಕಿ ಅಕ್ಷರಗಳಾಗಿ ಪರಿವರ್ತಿಸಬೇಕು. ಪಿಎಚ್‌ಪಿಯಲ್ಲಿ ಇದಕ್ಕೆ ರಾ-ಯುಆರ್‌ಎಲ್-ಎನ್‌ಕೋಡ್ ಎಂಬ ಫಂಕ್ಷನ್ ಇದೆ. ಯಲಹಂಕ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಯ, ಲ, ಹ, ಸೊನ್ನೆ, ಕ ಎಂದು ಯುನಿಕೋಡ್ ಲೆಕ್ಕದಲ್ಲಿ ಐದು ಘಟಕಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ಪರಿವರ್ತಿಸಿದ ಮೇಲೆ 45 ಚಿಹ್ನೆಗಳ ಸಾಲು! ನೋಡಲು ಗಾಬರಿಯಾಗುತ್ತದೆ, ನಿಜ. ಆದರೆ ಬ್ರೌಸರ್‌ಗಳು ವಿಳಾಸಪಟ್ಟಿಯಲ್ಲಿ ಅದನ್ನು ಮತ್ತೆ ಕನ್ನಡವಾಗಿಯೇ ತೋರಿಸುವುದು ಸಾಮಾನ್ಯ. ಹೆಸರನ್ನಷ್ಟೇ ಪರಿವರ್ತಿಸಿ. ಇಡೀ ವಿಳಾಸವನ್ನು ಆ ಫಂಕ್ಷನ್‌ಗೆ ಕೊಟ್ಟರೆ ನಡುವಿನ ಓರೆಗೆರೆಗಳೂ ರೂಪ ಬದಲಿಸಿ ಕೆಲಸ ಕೆಡುತ್ತದೆ.

ಸರ್ಕಾರಿ ಕಚೇರಿಗಳಲ್ಲಿ ಓಡಾಡಿದವರಿಗೆ ಮುಂದಿನ ದೋಷದ ಪರಿಚಯ ಇದ್ದೇ ಇರುತ್ತದೆ. ಮೂರನೆಯ ಕೌಂಟರಿನವರು ಏಳನೆಯದಕ್ಕೆ ಹೋಗಿ ಎನ್ನುತ್ತಾರೆ, ಏಳನೆಯವರು ಮೂರಕ್ಕೇ ಹೋಗಿ ಎನ್ನುತ್ತಾರೆ. ಒಂದು ಪುಟ ಇನ್ನೊಂದಕ್ಕೂ ಆ ಇನ್ನೊಂದು ಮೊದಲನೆಯದಕ್ಕೂ ಕಳುಹಿಸಿದರೆ ಇದೇ ಗತಿ. ಬ್ರೌಸರ್ ಸುಮಾರು ಇಪ್ಪತ್ತು ಸಲ ಓಡಾಡಿ, ಕೊನೆಗೆ ಇಲ್ಲಿ ಮರುನಿರ್ದೇಶನ ವಿಪರೀತವಾಗಿದೆ ಎಂದು ದೂರಿ ನಿಲ್ಲುತ್ತದೆ. ಮನುಷ್ಯರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಪ್ರವೇಶದ ಪುಟಕ್ಕೂ ಗುರುತಿನ ಪರಿಶೀಲನೆಯನ್ನು ಹಾಕಿಬಿಡುವುದು ಇದರ ಸಾಮಾನ್ಯ ಕಾರಣ: ಒಳಬರಲು ಗುರುತು ಬೇಕು, ಗುರುತು ಪಡೆಯಲು ಒಳಬರಬೇಕು.

ಒಂದೆರಡು ಪುಟಗಳಲ್ಲದೆ ಇಡೀ ತಾಣವನ್ನೇ ಸಾಗಿಸಿದಾಗ ಪ್ರತಿಯೊಂದು ಕಡತದಲ್ಲೂ ಈ ಎರಡು ಸಾಲುಗಳನ್ನು ಬರೆಯುತ್ತ ಕೂರಬೇಕಾಗಿಲ್ಲ. ಅಪಾಚೆ ಮುಂತಾದ ಸರ್ವರ್ ತಂತ್ರಾಂಶಗಳ ಸಂರಚನೆಯಲ್ಲೇ ಅದನ್ನು ಒಮ್ಮೆಗೇ ಹೇಳಬಹುದು. ಯಾರು ಬಂದಿದ್ದಾರೆ, ಏನು ತುಂಬಿದ್ದಾರೆ ಎಂದು ನೋಡಿ ತೀರ್ಮಾನಿಸಬೇಕಾದ ಕಡೆ ಪಿಎಚ್‌ಪಿ ಬೇಕು. ಇಡೀ ತಾಣವನ್ನು ಸಾಗಿಸಿದವರು ಹಳೆಯ ಪುಟಗಳನ್ನೆಲ್ಲ ಹೊಸ ಮುಖಪುಟಕ್ಕೆ ತಳ್ಳಿಬಿಡುವುದೂ ಉಂಟು. ಇದು ನನಗೆ ಸರಿಕಾಣದು. ಜನನ ಪ್ರಮಾಣಪತ್ರದ ಪುಟವನ್ನು ಹುಡುಕಿ ಬಂದವರಿಗೆ ಕಚೇರಿಯ ಹೆಬ್ಬಾಗಿಲು ತೋರಿಸಿದರೆ ಅದು ದಾರಿ ತೋರಿಸಿದಂತಲ್ಲ. ಪುಟಕ್ಕೆ ಪುಟ ಹೊಂದಿಸಬೇಕು. ಜಾಲದ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಿಳಾಸಗಳನ್ನು ಬದಲಾಯಿಸದಿರುವ ಬಗ್ಗೆ ಒಂದು ಪುಟ್ಟ ಲೇಖನ ಬರೆದು ತಾಣ ನಡೆಸುವವರನ್ನು ಎಚ್ಚರಿಸಿದ್ದರು. ಸಂಸ್ಥೆಗಳ ಹೆಸರೇ ಬದಲಾಗುವ ನಮ್ಮ ಊರಿನಲ್ಲಿ ಅದನ್ನು ಪಾಲಿಸುವುದು ಸುಲಭವಲ್ಲ. ಹಳೆಯ ವಿಳಾಸ ಅಚ್ಚಾದ ಅರ್ಜಿಯೊಂದು ಜನರ ಕೈಯಲ್ಲಿ ಇರುವಷ್ಟು ಕಾಲವಾದರೂ ಬಾಗಿಲಿನ ಚೀಟಿಯನ್ನು ಕೀಳದಿರಬಹುದು.

ನೀವು ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ಬ್ರೌಸರ್‌ನಲ್ಲಿ ಎಫ್-12 ಕೀಲಿಯನ್ನು ಒತ್ತಿ, ನೆಟ್‌ವರ್ಕ್ ಎಂಬ ವಿಭಾಗವನ್ನು ತೆರೆಯಿರಿ. ಹಳೆಯ ದಾಖಲೆಯನ್ನು ಉಳಿಸಿಕೊಳ್ಳುವ ಆಯ್ಕೆಗೆ ಗುರುತು ಹಾಕಿ, ಹಳೆಯ ವಿಳಾಸವನ್ನು ಕೊಡಿ. ಎರಡು ಸಾಲುಗಳು ಕಾಣಬೇಕು: ಮೊದಲನೆಯದರ ಎದುರು 301 ಅಥವಾ 302, ಎರಡನೆಯದರ ಎದುರು 200. ಮೊದಲ ಸಾಲನ್ನು ಒತ್ತಿದರೆ ಲಕೋಟೆಯ ಮೇಲಿನ ಬರಹವೆಲ್ಲ ತೆರೆದುಕೊಳ್ಳುತ್ತದೆ, ಲೊಕೇಶನ್ ಹೆಡರ್ ಅದರಲ್ಲಿರುತ್ತದೆ. ಮೊದಲ ಸಾಲಿನ ಎದುರೇ 200 ಎಂದು ಬಂದು ಪುಟ ಅಲ್ಲೇ ನಿಂತಿದ್ದರೆ, ಹೆಡರ್‌ಗಿಂತ ಮುಂಚೆ ಏನೋ ಹೊರಟಿದೆ. ಕಡತದ ಒಂದನೆಯ ಸಾಲಿನಿಂದ ಹುಡುಕಲು ಪ್ರಾರಂಭಿಸಿ.